ತಡವಾಗಿ ಬಂದ ಹೋಲ್ಡಾನ್

ಜೋಳವನ್ನು ನೆಲದಡಿಯ ಹಗೇವಿನಲ್ಲಿ ತುಂಬಿಟ್ಟು ಬೇಕಾದಾಗ ಮೊಗೆದುಕೊಳ್ಳುವ ಹಾಗೆ, ಮನುಷ್ಯನ ದನಿಯನ್ನೂ ತುಂಬಿಟ್ಟು ಮೊಗೆದುಕೊಳ್ಳುವಂತಿದ್ದರೆ? ಧಾರವಾಡದಲ್ಲಿ ಈ ಪ್ರಶ್ನೆ ಕೇಳಿದವರು ಗುರುಪಾದಪ್ಪ ಹಾದಿಮನಿ ಎಂಬ ಪ್ರೊಫೆಸರು. ಕೇಳಿ ಸುಮ್ಮನಾಗುವ ಪೈಕಿ ಅವರಲ್ಲ. ಕೆಲಗೇರಿ ಕೆರೆಯ ಹತ್ತಿರ ಒಂದು ಹಳೆಯ ಕಟ್ಟಡ ಹಿಡಿದು, ಕಂಪ್ಯೂಟರುಗಳನ್ನು ತಂದು ಗುಡ್ಡೆಹಾಕಿ, ಕಂಡಕಂಡವರ ಹತ್ತಿರ ದೇಣಿಗೆ ಬೇಡಿ, ಕಂಠಕೋಶ ಎಂಬ ಸಂಸ್ಥೆಯನ್ನು ಎಬ್ಬಿಸಿಯೇಬಿಟ್ಟರು. ಮಂದಿ ಅದನ್ನು ಕರೆಯುವುದು ಮಾತ್ರ ದನಿ ಹಗೇವು ಎಂದೇ.

ಗಂಟಲ ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆ ತೆಗೆಸಿಕೊಳ್ಳಬೇಕಾದವರು ಆಪರೇಷನ್ನಿಗೆ ಮೊದಲು ಇಲ್ಲಿ ಬಂದು ಕೂರುತ್ತಾರೆ. ಓದುತ್ತಾರೆ, ಬೈಯುತ್ತಾರೆ, ಮಕ್ಕಳನ್ನು ರಮಿಸುತ್ತಾರೆ. ಅವರ ದನಿ ಚೂರುಚೂರಾಗಿ ಡೇಟಾಬೇಸ್ ಸೇರುತ್ತದೆ. ಆಮೇಲೆ ಕೊರಳಿಗೊಂದು ತೆಳು ಪಟ್ಟಿ. ಮನುಷ್ಯ ಮಾತಾಡಲು ಹೊರಟಾಗ ಗಂಟಲ ಸ್ನಾಯುಗಳು ಹಳೆಯ ಅಭ್ಯಾಸದಿಂದ ಅಲುಗುತ್ತವಲ್ಲ, ಪಟ್ಟಿ ಆ ಅಲುಗಾಟವನ್ನು ಓದಿ, ಇಂಥವರಿಗೆ ಇಂಥ ದನಿ ಬೇಕು ಎಂದು ಹಗೇವಿನ ಸರ್ವರನ್ನು ಕೇಳುತ್ತದೆ. ಸರ್ವರು ಹುಡುಕಿ ಕೊಡುತ್ತದೆ. ಪಟ್ಟಿಯ ಪುಟ್ಟ ಸ್ಪೀಕರು ನುಡಿಯುತ್ತದೆ. ಸಿಟ್ಟಿನ ‘ಬಾ’ ಬೇರೆ, ಅಕ್ಕರೆಯ ‘ಬಾ’ ಬೇರೆ; ಒಬ್ಬೊಬ್ಬರದೂ ಲಕ್ಷಾಂತರ ಚೂರು. ಅಷ್ಟನ್ನೂ ಕೊರಳಿಗೆ ಕಟ್ಟಲಾಗದು, ಅದಕ್ಕೇ ಈ ಕೇಳಿಕೆ. ಇದೆಲ್ಲ ನಡೆಯುವುದು ರೆಪ್ಪೆ ಬಡಿಯುವುದರೊಳಗೆ. ನಡೆಯಬೇಕಾದದ್ದು, ಅನ್ನೋಣ.

ಆ ಸರ್ವರಿನ ಉಸಾಬರಿ ಪ್ರಮೀಳೆಯದು. ಅವಳ ಅಕ್ಕ ದ್ರಾಕ್ಷಾಯಣಿ ಸವದತ್ತಿ ಗಾಡಿಯ ಕಂಡಕ್ಟರು. ಅಪ್ಪ ತೀರಿಕೊಂಡಾಗ ಪ್ರಮೀಳೆ ಇನ್ನೂ ಲಂಗ ತೊಡುತ್ತಿದ್ದಳು. ದ್ರಾಕ್ಷಾಯಣಿ ಚೀಲ ಹೆಗಲಿಗೆ ಹಾಕಿಕೊಂಡು ಗಾಡಿ ಹತ್ತಿದವಳು, ದಿನಾ ಮುಂಜಾನೆಯಿಂದ ಸಂಜೆಯವರೆಗೆ ‘ಮುಂದ ಸರೀರಿ, ಮುಂದ ಭಾಳ ಜಾಗಾ ಐತಿ’ ಎಂದು ಒದರಿ ತಂಗಿಯನ್ನು ಇಂಜಿನಿಯರಿಂಗ್ ಓದಿಸಿದಳು. ಅಕ್ಕ ಒದರಿದ್ದಕ್ಕೆ ತಾನು ಓದಿದೆ ಎಂದು ಪ್ರಮೀಳೆ ಯಾರ ಮುಂದೆ ಬೇಕಾದರೂ ಹೇಳುತ್ತಾಳೆ, ಅದರಲ್ಲಿ ಅವಳಿಗೆ ಸಂಕೋಚವೇ ಇಲ್ಲ. ಆ ಗಂಟಲಿಗೇ ಕ್ಯಾನ್ಸರು ಬಂದು ಕೂತಿತು. ಆದರೆ ಹಗೇವು ಇತ್ತು. ಅಕ್ಕನ ದನಿ ಉಳಿಯಿತು, ಅಕ್ಕನೂ ಉಳಿದಳು.

ಎರಡು ವರ್ಷ ಡಿಪೊದ ಆಫೀಸಿನಲ್ಲಿ ಕೂತು ಸಾಕಾಗಿ, ದ್ರಾಕ್ಷಾಯಣಿ ತಿರುಗಿ ಗಾಡಿ ಕೇಳಿದಳು. ಮ್ಯಾನೇಜರ್ ಕಲ್ಮಠ ಸಾಹೇಬರು ಒಳ್ಳೆಯವರು, ಒಂದು ಪರೀಕ್ಷೆಯ ಟ್ರಿಪ್ ಕೊಟ್ಟರು. ಪ್ರಮೀಳೆಯೂ ರಜೆ ಹಾಕಿ ಹಿಂದಿನ ಸೀಟಿನಲ್ಲಿ ಕೂತಳು. ಅಮ್ಮಿನಭಾವಿಯವರೆಗೆ ಎಲ್ಲ ಸುಸೂತ್ರ. ಅಲ್ಲಿ ಮೊಸರು ಮಾರುವ ಒಬ್ಬ ಮುದಿ ಆಯಿ ಇಳಿಯುತ್ತಿದ್ದಳು. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಇನ್ನೂ ಗಾಳಿಯಲ್ಲಿ. ಡ್ರೈವರು ಗಾಡಿ ಬಿಟ್ಟ. ದ್ರಾಕ್ಷಾಯಣಿಯ ತುಟಿ ‘ಹೋಲ್ಡಾನ್’ ಎಂದದ್ದನ್ನು ಪ್ರಮೀಳೆ ಕಣ್ಣಾರೆ ಕಂಡಳು. ದನಿ ಬರಲಿಲ್ಲ. ಸೀಟಿ ಊದೋಣವೆಂದರೆ ಆಪರೇಷನ್ ಆದಮೇಲೆ ಉಸಿರು ಹೋಗುವುದು ಬಾಯಿಂದಲ್ಲ, ಕತ್ತಿನ ತೂತಿನಿಂದ. ಆಯಿ ಮುಗ್ಗರಿಸಿ ಕೆಳಗೆ ಬಿದ್ದಳು, ಮೊಸರಿನ ಗಡಿಗೆ ಒಡೆಯಿತು. ಆಗ ಬಂತು ದನಿ, ಗಾಡಿಯೆಲ್ಲ ಕೇಳುವಂತೆ: “ಹೋಲ್ಡಾನ್.”

“ಬಿದ್ದ ಮ್ಯಾಲೆ ಹೇಳ್ತಾಳ ನೋಡು,” ಎಂದು ಯಾರೋ ನಕ್ಕರು.

ಆಯಿಗೆ ಮೊಣಕೈ ತರಚಿತ್ತು, ಅಷ್ಟೇ. ಆದರೆ ಹಿಂದಿನ ಗಾಲಿ ಅವಳ ಕಾಲಿನಿಂದ ಒಂದು ಗೇಣು ದೂರದಲ್ಲಿತ್ತು.

“ನಿಮ್ಮ ಮ್ಯಾಲೆ ನನಗೇನೂ ಬ್ಯಾಸರಿಲ್ರಿ ಅಕ್ಕಾರ,” ಎಂದರು ಕಲ್ಮಠ ಸಾಹೇಬರು ಸಂಜೆ. “ಬರೂ ತಿಂಗಳ ಇನ್ನೊಂದು ಸಲ ನೋಡೂಣು. ಆಗೂ ತಡಾ ಆತಂದ್ರ ಆಫೀಸಿನ್ಯಾಗ ಕುಂದರ್ರಿ. ಮಂದಿ ಜೀವದ ಮಾತು ಇದು.”

ಮನೆಗೆ ಬಂದ ದ್ರಾಕ್ಷಾಯಣಿ ಟಿಕೆಟ್ ಚೀಲವನ್ನು ಮೊಳೆಗೆ ತೂಗುಹಾಕಿದಳು. ಆಮೇಲೆ ಕೊರಳ ಪಟ್ಟಿಯನ್ನೂ ಬಿಚ್ಚಿ ಅದೇ ಮೊಳೆಗೆ ಹಾಕಿದಳು.

ಪ್ರಮೀಳೆ ತೆಗೆದು ಕೈಗೆ ಕೊಡಹೋದಳು. ಅಕ್ಕ ಬೇಡವೆಂದು ತಲೆಯಾಡಿಸಿದಳು. ಬಹಳ ಹೇಳಿಸಿಕೊಂಡ ಮೇಲೆ ಒಮ್ಮೆ ಕಟ್ಟಿಕೊಂಡು, ತಡೆತಡೆದು ಬರುವ ಆ ದನಿಯಲ್ಲೇ ಹೇಳಿದಳು. “ನಾ ಒಂದು ಮಾತು ಆಡೂದ್ರಾಗ ಕಿರಾಣಿ ಅಂಗಡಿಯಂವ ತಾನs ಉತ್ತರಾ ಕೊಟ್ಟು ಮುಗಿಸಿರ್ತಾನ. ಹಾಲು ಉಕ್ಕಾಕತ್ತೈತಿ ಅಂತೀನಿ, ಉಕ್ಕಿದ ಮ್ಯಾಲೆ ಕೇಳಸ್ತೈತಿ. ಅದನ್ನೆಲ್ಲಾ ತಡಕೊಂಡೆ. ಇವತ್ತು ಒಂದು ಜೀವ ಹೋಗತಿತ್ತು. ಇಂಥಾ ದನಿ ನನಗ ಬ್ಯಾಡ ಪಮ್ಮಿ. ಮಂದಿಗೆ ಹೇಳಾಕ ಹೋಗಬ್ಯಾಡ, ನಿಮ್ಮ ಸರ್ ಬ್ಯಾಸರಾ ಮಾಡ್ಕೋತಾರ.”

ಮತ್ತೆ ಬಿಚ್ಚಿ ಮೊಳೆಗೆ ಹಾಕಿದಳು. ಒದರುವ ಅಕ್ಕನ ಜೊತೆ ಬೆಳೆದ ಪ್ರಮೀಳೆಗೆ ಆ ಮನೆಯ ಮೌನ ತಡೆಯಲಾಗಲಿಲ್ಲ. ಪಾತ್ರೆ ತಿಕ್ಕುವ ಸದ್ದಿಗೂ ಅವಳು ತಿರುಗಿ ನೋಡುತ್ತಿದ್ದಳು.

ಹಗೇವಿನ ಸರ್ವರ್ ಕೋಣೆಯಲ್ಲಿ ಅವಳ ಜೊತೆಗಾರ ಮೆಹಬೂಬ ನದಾಫ. ಇಬ್ಬರೂ ತಂತಿ ನೋಡಿದರು, ವೈರ್‌ಲೆಸ್ ಸಂಪರ್ಕ ನೋಡಿದರು, ಹೊಸ ಮೆಮೊರಿ ತಂದು ಜೋಡಿಸಿದರು. ತಡ ಹಾಗೇ ಇತ್ತು.

“ಡೀಬಗ್ ಲಾಗ್ ಹಚ್ಚೂಣೇನು?” ಎಂದಳು ಪ್ರಮೀಳೆ.

ಡೀಬಗ್ ಲಾಗ್ ಎಂದರೆ ಸರ್ವರು ತಾನು ಇಟ್ಟ ಒಂದೊಂದು ಹೆಜ್ಜೆಯನ್ನೂ ಬರೆದಿಡುವುದು. ದುರಸ್ತಿ ಮಾಡುವವರು ಅದನ್ನು ಓದಿ ಎಲ್ಲಿ ಎಡವಿತು ಎಂದು ಹಿಡಿಯುತ್ತಾರೆ. ಬೇಕೆಂದಾಗ ಹಚ್ಚಬಹುದು, ಬೇಡವಾದಾಗ ಆರಿಸಬಹುದು.

ನದಾಫ ಹೌಹಾರಿದ. “ಬ್ಯಾಡ್ರಿ ಅಕ್ಕಾರ. ಹೋದ ವರ್ಷ ಹಚ್ಚಿದಾಗ ಏನಾತು ಮರತ್ರ್ಯಾ? ಇಡೀ ಜಿಲ್ಲಾ ಮೂಕ ಆಗಿತ್ತು. ಮದವಿ ಮನ್ಯಾಗ ಒಬ್ಬಾಂವ ಹೆಣ್ಣಿನ ಅಪ್ಪ, ಬೀಗರ ಮುಂದ ಬಾಯಿ ತೆರಕೊಂಡು ನಿಂತಬಿಟ್ಟಿದ್ನಂತ.”

ಇದೇ ಪೇಚು. ತಡ ಯಾಕೆಂದು ತಿಳಿಯಲು ಲಾಗ್ ಬೇಕು, ಲಾಗ್ ಹಚ್ಚಿದರೆ ತಡ ಇನ್ನೂ ಹೆಚ್ಚುತ್ತದೆ. ಜ್ವರ ನೋಡಲು ಇಟ್ಟ ಥರ್ಮಾಮೀಟರೇ ಜ್ವರ ಏರಿಸಿದರೆ ಡಾಕ್ಟರು ಏನು ಮಾಡಬೇಕು?

ಆ ಲಾಗಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಬೇರೆ ಕಡೆ ಸರ್ವರುಗಳು ಬರೆಯುವ ಹಾಗೆ ‘ಬಳಕೆದಾರ ನಂಬರು ಇಷ್ಟು’ ಎಂದು ಹಗೇವಿನ ಸರ್ವರು ಬರೆಯುತ್ತಿರಲಿಲ್ಲ. ‘ಮೊರಬದ ಶ್ರೀ ಫಕ್ಕೀರಪ್ಪ ದ್ಯಾಮಪ್ಪ ಉಳ್ಳಾಗಡ್ಡಿ ಅವರು ಒಂದು ದನಿ ಕೇಳಿದರು, ಕೊಡಲಾಯಿತು’ ಎಂದು ಬರೆಯುತ್ತಿತ್ತು. ಊರು, ತಂದೆಯ ಹೆಸರು, ಮನೆತನ, ಎಲ್ಲ ಬರಬೇಕು, ‘ಅವರು’ ತಪ್ಪಬಾರದು. ಹಾದಿಮನಿ ಸರ್ ಶುರುವಿಗೇ ಹಾಕಿದ ಕಟ್ಟಳೆ ಅದು. ಅವರ ತಂದೆ ಯಾವುದೋ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಕಳೆದಾಗ, ಎಲ್ಲರೂ ಅವರನ್ನು ಬೆಡ್ಡಿನ ನಂಬರಿನಿಂದಲೇ ಕರೆಯುತ್ತಿದ್ದರಂತೆ. ‘ನಮ್ಮಲ್ಲಿ ಯಾರೂ ನಂಬರಲ್ಲ’ ಎಂದು ಸರ್ ಹೇಳಿದಾಗ ನೋಡಬಂದವರ ಕಣ್ಣು ತೇವವಾಗುತ್ತಿತ್ತು. ಪ್ರಮೀಳೆಗೂ ಆ ಕಟ್ಟಳೆಯ ಮೇಲೆ ಅಭಿಮಾನವಿತ್ತು. ಎಷ್ಟೆಂದರೂ ಲಾಗ್ ಆರಿಸಿಯೇ ಇರುತ್ತದೆ, ಅದು ಏನು ಬರೆದರೆ ಯಾರಿಗೇನು?

ತಿಂಗಳಿಗೊಮ್ಮೆ ಶನಿವಾರ ಹಗೇವಿನ ಅಂಗಳದಲ್ಲಿ ಪಟ್ಟಿ ಕಟ್ಟಿದವರ ಸಭೆ. ಸಭೆ ಎಂದರೆ ಮಂಡಕ್ಕಿ, ಮಿರ್ಚಿ, ಚಹಾ ಮತ್ತು ಹರಟೆ. ದ್ರಾಕ್ಷಾಯಣಿ ಬರಲೊಲ್ಲೆ ಎಂದಳು. “ಮಿರ್ಚಿ ತಿನ್ನಾಕ ದನಿ ಬೇಕೇನು? ಬಾ ಸುಮ್ನ,” ಎಂದು ಪ್ರಮೀಳೆ ಎಳೆದುಕೊಂಡೇ ಬಂದಳು. ಬಂದಮೇಲೆ ಮಂದಿಯ ಮುಂದೆ ಬರಿಗೊರಳಲ್ಲಿ ಕೂರಲು ಮುಜುಗರವಾಗಿ, ದ್ರಾಕ್ಷಾಯಣಿ ತಂಗಿ ಜೊತೆಗೆ ತಂದಿದ್ದ ಪಟ್ಟಿ ಕಟ್ಟಿಕೊಂಡು ಕೊನೆಯ ಸಾಲಿನಲ್ಲಿ ಕೂತಳು. ಅಲ್ಲಿ ಕೂರುವುದಕ್ಕೂ ಒಂದು ರೀತಿ ಇತ್ತು. ಮೊದಲು ಸೇರಿದ ಹಿರಿಯರು ಮುಂದೆ, ಆಮೇಲೆ ಸೇರಿದವರು ಹಿಂದೆ. ಯಾರೂ ಹೇಳಿ ಮಾಡಿದ್ದಲ್ಲ, ಹಾಗೇ ನಡೆದು ಬಂದಿತ್ತು.

ಹೊಸಬರು ಬಂದಾಗ ಎಲ್ಲರೂ ತಂತಮ್ಮ ಹೆಸರು ಹೇಳುವುದು ವಾಡಿಕೆ. ನದಾಫ ಬೆರಳು ತೋರಿಸುತ್ತ ಹೋದ. ಮೊದಲ ಕುರ್ಚಿಯ ಉಳ್ಳಾಗಡ್ಡಿ ಫಕ್ಕೀರಪ್ಪಜ್ಜ, ಹಗೇವಿನ ಮೊಟ್ಟಮೊದಲ ದನಿ, ಬೆರಳು ಏಳುವ ಮೊದಲೇ ಶುರುಮಾಡಿದ. “ಫಕ್ಕೀರಪ್ಪರೀ, ಮೊರಬ. ಮಿರ್ಚಿ ಆರಾಕತ್ತಾವು, ಲಗೂ ಮುಗಸ್ರಿ.” ಎಲ್ಲರೂ ನಕ್ಕರು. ಎರಡನೆಯ ಸಾಲು ಹೇಳಿತು. ಮೂರನೆಯ ಸಾಲು ಹೇಳಿತು. ನಡುವಿನ ಸಾಲಿಗೆ ಬರುವಾಗ ಬೆರಳಿಗೂ ದನಿಗೂ ನಡುವೆ ಒಂದು ಸಣ್ಣ ಬಿಡುವು ಕಾಣಿಸಿತು. ಹಿಂದಕ್ಕೆ ಹೋದಂತೆ ಬಿಡುವು ಹಿಗ್ಗಿತು. ಕೊನೆಯ ಸಾಲಿನಲ್ಲಿ ದ್ರಾಕ್ಷಾಯಣಿ ಬಾಯಿ ಮುಚ್ಚಿ, ನಾಚಿ, ತಲೆ ತಗ್ಗಿಸಿದ ಮೇಲೆ ಅವಳ ಹೆಸರು ಕೇಳಿಸಿತು.

ಪ್ರಮೀಳೆಯ ಕೈಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು.

“ನದಾಫ, ಇನ್ನೊಮ್ಮೆ ಹೇಳಸು. ಹಿಂದಿನಿಂದ ಮುಂದಕ್ಕ.”

“ಯಾಕ್ರಿ ತಂಗಿ, ಹೆಸರು ಮರತ್ರೇನು?” ಎಂದು ಮಂದಿ ಗೊಣಗಿದರೂ ಹೇಳಿದರು. ಹಿಂದಿನವರದು ತಡ, ಮುಂದಿನವರದು ಚುರುಕು. ಪಂಕ್ತಿಯ ತಲೆಯಿಂದ ಬಡಿಸುತ್ತ ಬರುವಾಗ ಕೊನೆಯ ಎಲೆಗೆ ಅನ್ನ ಬರುವುದು ತಡವಾಗುತ್ತದಲ್ಲ, ಥೇಟ್ ಹಾಗೆ.

ಅವಳು ಮಿರ್ಚಿ ಬಿಟ್ಟು ಸರ್ವರ್ ಕೋಣೆಗೆ ನಡೆದಳು, ಹಿಂದೆ ನದಾಫ. ದನಿಯ ಚೂರುಗಳೆಲ್ಲ ನಂಬರಿನ ಪ್ರಕಾರ ಜೋಡಿಸಿಟ್ಟವು. ಯಾವ ನಂಬರು ಕೇಳಿದರೂ ಸರ್ವರು ನೇರ ಅಲ್ಲಿಗೇ ಕೈ ಹಾಕುತ್ತದೆ. ಹಿರಿಯ, ಕಿರಿಯ ಎಂಬ ಭೇದವಿಲ್ಲ. ಹಾಗಿದ್ದರೆ ಸೇರಿದ ಸರದಿಯ ಪ್ರಕಾರ ನಡೆಯುವುದು ಯಾವುದು? ಇಡೀ ಡೇಟಾಬೇಸಿನಲ್ಲಿ ಒಂದೇ ಒಂದು: ಹೆಸರುಗಳ ಪಟ್ಟಿ. ಹಗೇವಿನಲ್ಲಿ ಬೆರಳೆಣಿಕೆಯ ಮಂದಿ ಇದ್ದಾಗ ಮಾಡಿದ್ದು. ಒಂದು ಹೆಸರು ಬೇಕೆಂದರೆ ಫಕ್ಕೀರಪ್ಪಜ್ಜನಿಂದ ಶುರುಮಾಡಿ ಒಬ್ಬೊಬ್ಬರನ್ನೇ ದಾಟುತ್ತ ಬರಬೇಕು. ಈಗ ಸಾವಿರಾರು ಮಂದಿ, ಮತ್ತು ಅಕ್ಕ ಆ ಸಾಲಿನ ಬಾಲದ ಕಡೆ.

“ಆದರ ಮಾತಾಡಾಕ ಹೆಸರ್ಯಾಕ ಬೇಕ್ರಿ?” ಎಂದ ನದಾಫ. “ಹೆಸರು ಕೇಳೂದು ಡೀಬಗ್ ಲಾಗ್ ಒಂದs. ಅದನ್ನ ನಾವು ಆರಿಸೇವಿ.”

“ಆರಿಸೇವಿ ಅಂತ ತಿಳಕೊಂಡೇವಿ,” ಎಂದಳು ಪ್ರಮೀಳೆ.

ಪ್ರೋಗ್ರಾಮು ತೆರೆದು ಓದಿದಳು. ಓದಿ ಮೊದಲು ನಗು ಬಂತು, ಆಮೇಲೆ ತಲೆಯ ಮೇಲೆ ಕೈ ಹೊತ್ತು ಕೂತಳು. ಸರ್ವರು ಒಂದೊಂದು ದನಿ ಕೊಡುವಾಗಲೂ ಮೊದಲು ಹೆಸರಿನ ಪಟ್ಟಿಯನ್ನು ತಲೆಯಿಂದ ತಡಕಿ, ಊರು, ತಂದೆಯ ಹೆಸರು, ಮನೆತನ ಸೇರಿಸಿ, ಲಕ್ಷಣವಾಗಿ ‘ಅವರು’ ಹಚ್ಚಿ, ಪೂರ್ತಿ ವಾಕ್ಯ ಕಟ್ಟುತ್ತಿತ್ತು. ಕಟ್ಟಿ ಮುಗಿದ ಮೇಲೆ ಲಾಗ್ ಹಚ್ಚಿದೆಯೇ ಎಂದು ನೋಡುತ್ತಿತ್ತು. ಇಲ್ಲವೆಂದು ಕಂಡಾಗ ಕಟ್ಟಿದ್ದನ್ನೆಲ್ಲ ಎಸೆಯುತ್ತಿತ್ತು. ಲಾಗ್ ಹಚ್ಚಿದರಂತೂ ಬರೆದ ಒಂದೊಂದು ಸಾಲನ್ನೂ ಡಿಸ್ಕಿಗೆ ಒಯ್ದು ಮುಟ್ಟಿಸಿ, ಮುಟ್ಟಿತು ಎಂಬ ಉತ್ತರ ಬರುವವರೆಗೆ ಕೈಕಟ್ಟಿ ನಿಲ್ಲುತ್ತಿತ್ತು. ‘ಹೋಲ್ಡಾನ್’ ಎಂಬ ಒಂದು ಮಾತಿಗೆ ದನಿಯ ಎಷ್ಟೋ ಚೂರು. ಚೂರಿಗೊಮ್ಮೆ ಅಕ್ಕನಿಗೆ ಮರ್ಯಾದೆ ಕೊಟ್ಟು ಕೊಟ್ಟು, ಅಷ್ಟರಲ್ಲಿ ಆಯಿ ಬಿದ್ದಿದ್ದಳು.

ಇದನ್ನು ಹಾದಿಮನಿ ಸರ್‌ಗೆ ಹೇಳುವುದೇ ಅವಳಿಗೆ ಕಷ್ಟವಾಯಿತು. ಅವರು ಅಂಗಳದಲ್ಲಿ ಫಕ್ಕೀರಪ್ಪಜ್ಜನ ಜೊತೆ ಚಹಾ ಕುಡಿಯುತ್ತಿದ್ದರು. ಪಕ್ಕಕ್ಕೆ ಕರೆದು ಹೇಳಿದಳು. ಅವರ ಮುಖ ಸಣ್ಣದಾಯಿತು.

“ಅಂದ್ರ, ನಾವು ಕೊಡೂ ಮರ್ಯಾದಿನs ಅವರ ಮಾತನ್ನ ಹಿಡಕೊಂಡು ಕುಂತಿತ್ತೇನು?”

“ಹಂಗಲ್ರಿ ಸರ್—”

“ಹಂಗs ಆತಲ್ಲವಾ. ಈಗೇನು, ಎಲ್ಲಾರಿಗೂ ನಂಬರ್ ಹಚ್ಚತೀಯೇನು?”

“ಸರ್ವರು ಅವಸರದಾಗ ಇದ್ದಾಗ ನಂಬರ್ ಬರ್ಕೊಳ್ಳಲಿ ಸರ್. ಅದಕ್ಕ ಹೆಸರು ಕಟ್ಟಿಕೊಂಡು ಏನಾಗಬೇಕು? ಅದನ್ನ ಓದೂವಾಗ, ಮನುಷ್ಯಾ ಓದೂವಾಗ, ನಂಬರ್ ತೆಗದು ಹೆಸರು ಇಡೂಣು. ಊರು, ತಂದಿ ಹೆಸರು, ಅವರು, ಎಲ್ಲಾ. ಮರ್ಯಾದಿ ಬೇಕಾಗಿದ್ದು ನಮ್ಮ ಬಾಯಾಗ, ಯಂತ್ರದ ಬಾಯಾಗ ಅಲ್ಲ.”

ಸರ್ ಚಹಾದ ಕಪ್ಪನ್ನು ಕೆಳಗಿಟ್ಟರು. ಅಂಗಳದ ಕೊನೆಯ ಸಾಲಿನ ಕಡೆ ನೋಡಿದರು. ಅಲ್ಲಿ ದ್ರಾಕ್ಷಾಯಣಿ ಪಟ್ಟಿ ಬಿಚ್ಚಿ ಮಡಿಲಲ್ಲಿಟ್ಟುಕೊಂಡಿದ್ದಳು.

“ನಮ್ಮಪ್ಪನ್ನ ಹೆಸರು ಹಿಡದು ಕರದಿದ್ರ ಅಂವಗ ಸಂತೋಷ ಆಗತಿತ್ತು,” ಎಂದರು ಮೆಲ್ಲಗೆ. “ಆದರ ಪೂರ್ತಿ ಹೆಸರು ಹೇಳಿ ಮುಗಸೂತನಕಾ ಔಷಧ ತಡದು ನಿಲ್ಲಿಸಿದ್ರ, ‘ಮೊದಲ ಔಷಧ ಕೊಡೋ, ಆಮ್ಯಾಲೆ ಕರಿ’ ಅಂತ ಬೈತಿದ್ದ. ಭಾಳ ಬಾಯಿ ಇತ್ತು ಅಂವಗ.” ನಕ್ಕರು. “ಮಾಡವಾ. ಆದರ ಓದೂವಾಗ ಒಂದು ‘ಅವರು’ ಸೈತ ಬಿಟ್ಟಿರಬಾರದು ನೋಡು.”

“ನೀವು ಈ ಹಗೇವು ಕಟ್ಟಲಿಲ್ಲಂದ್ರ ನಮ್ಮಕ್ಕನ ದನಿ ಇವತ್ತ ಎಲ್ಲಿರ್ತಿತ್ತು ಸರ್? ಒಂದೂ ಬಿಡೂದಿಲ್ಲ,” ಎಂದಳು ಪ್ರಮೀಳೆ. ಸರ್ ಅವಳ ತಲೆ ಮುಟ್ಟಿ, ಮಿರ್ಚಿ ಆರಿಹೋಯಿತು ಎಂದರು.

ಮಾಡಿದ ಕೆಲಸ ದೊಡ್ಡದೇನಲ್ಲ. ಲಾಗ್ ಬೇಕೋ ಬೇಡವೋ ಎಂದು ಮೊದಲು ಕೇಳುವುದು. ಬೇಡವೆಂದರೆ ಒಂದಕ್ಷರವನ್ನೂ ಕಟ್ಟದೆ ಮುಂದೆ ಹೋಗುವುದು. ಬೇಕೆಂದರೆ ನಂಬರು ಗೀಚಿಕೊಂಡು, ಹತ್ತಾರು ಸಾಲನ್ನು ಒಟ್ಟಿಗೆ, ಬಿಡುವಾದಾಗ ಡಿಸ್ಕಿಗೆ ಕಳಿಸುವುದು. ನದಾಫ ಪಕ್ಕದ ಸರ್ವರಿನಲ್ಲಿ ಅದನ್ನು ಗೋಳುಹೊಯ್ದುಕೊಂಡು ಪರೀಕ್ಷೆ ಮಾಡಿದ. ಒಂದು ಮುಂಜಾನೆ ನಿಜವಾದ ಸರ್ವರಿಗೆ ಹಾಕಿದರು. ಆಮೇಲೆ ಹೋದ ವರ್ಷ ಜಿಲ್ಲೆಯನ್ನೆಲ್ಲ ಮೂಕ ಮಾಡಿದ್ದ ಡೀಬಗ್ ಲಾಗನ್ನು ಎಲ್ಲರ ಮೇಲೂ ಹಚ್ಚಿದರು. ನದಾಫ ಕಣ್ಣು ಮುಚ್ಚಿಕೊಂಡಿದ್ದ. ಏನೂ ಆಗಲಿಲ್ಲ. ದನಿಗಳು ಕೇಳಿದಷ್ಟು ಬೇಗ ಹೋದವು. ಫಕ್ಕೀರಪ್ಪಜ್ಜನಿಗೂ ಕೊನೆಯವರಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಹಾದಿಮನಿ ಸರ್ ಕನ್ನಡಕ ಏರಿಸಿ ಪರದೆಯ ಮುಂದೆ ಕೂತರು. ಸರ್ವರಿನೊಳಗೆ ನಂಬರುಗಳು ಓಡುತ್ತಿದ್ದವು. ಅವರ ಕಣ್ಣ ಮುಂದೆ ಮಾತ್ರ ಹೆಸರುಗಳು ಏಳುತ್ತಿದ್ದವು. ಮೊರಬದ ಶ್ರೀ ಫಕ್ಕೀರಪ್ಪ ದ್ಯಾಮಪ್ಪ ಉಳ್ಳಾಗಡ್ಡಿ ಅವರು, ಆಮೇಲೆ ಕುಂದಗೋಳದವರು, ಅಣ್ಣಿಗೇರಿಯವರು. ಅವರು ಒಂದೊಂದನ್ನೂ ಬಾಯಿಬಿಟ್ಟು ಓದಿದರು, ಬಹಳ ಹೊತ್ತು ಓದಿದರು, ಯಾರೂ ಅವರನ್ನು ಎಬ್ಬಿಸಲಿಲ್ಲ.

ಇತ್ತ ದ್ರಾಕ್ಷಾಯಣಿ ನಂಬಲೊಲ್ಲಳು. ತಂಗಿ ಗೋಗರೆದಳೆಂದು ಪಟ್ಟಿ ಕಟ್ಟಿಕೊಂಡು, ಮುಖ ಗಂಟಿಕ್ಕಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಲೆಯ ಮೇಲೆ ಹಾಲಿಟ್ಟ ಪ್ರಮೀಳೆ ಬೇಕೆಂತಲೇ ಬೆನ್ನು ತಿರುಗಿಸಿ ಕೊತ್ತಂಬರಿ ಸೋಸುತ್ತ ಕೂತಳು.

“ಪಮ್ಮಿ, ಹಾಲು.”

ಪ್ರಮೀಳೆ ತಿರುಗಿದಾಗ ಕೆನೆ ಪಾತ್ರೆಯ ಅಂಚಿನವರೆಗೆ ಬಂದು ನಿಂತಿತ್ತು. ಒಲೆ ಆರಿಸಿದಳು. ಹಾಲು ಇಳಿಯಿತು. ಅಕ್ಕತಂಗಿ ಇಬ್ಬರೂ ಆ ಹಾಲನ್ನೇ ನೋಡುತ್ತ ನಿಂತರು.

“ನೀ ಬೇಕಂತ ಮಾಡಿದಿ,” ಎಂದಳು ಅಕ್ಕ. ಅದೂ ಕೂಡಲೇ ಬಂತು.

ಎರಡನೆಯ ಪರೀಕ್ಷೆಯ ದಿನ ಗಾಡಿ ಕಿಕ್ಕಿರಿದಿತ್ತು. ಕಲ್ಮಠ ಸಾಹೇಬರು ತಾವೇ ಬಂದು ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಪ್ರಮೀಳೆ ಮತ್ತೆ ಹಿಂದೆ. ದ್ರಾಕ್ಷಾಯಣಿ ಮಂದಿಯ ನಡುವೆ ಭುಜ ತೂರಿಸುತ್ತ, “ಮುಂದ ಸರೀರಿ, ಮುಂದ ಭಾಳ ಜಾಗಾ ಐತಿ,” ಎನ್ನುತ್ತ ಹೋಗುತ್ತಿದ್ದಳು. ಮುಂದೆ ಕಾಲಿಡಲೂ ಜಾಗವಿರಲಿಲ್ಲ. ಆ ಸುಳ್ಳನ್ನು ಕೇಳಿ ಪ್ರಮೀಳೆಗೆ ಎದೆ ತುಂಬಿಬಂತು.

ಅಮ್ಮಿನಭಾವಿಯಲ್ಲಿ ಅದೇ ಮೊಸರಿನ ಆಯಿ. ಹೊಸ ಗಡಿಗೆ, ಹಳೆಯ ಭಯ. ಕಂಡಕ್ಟರಮ್ಮನ ಮುಖ ಗುರುತು ಹಿಡಿದು, ಗಡಿಗೆಯನ್ನು ಬಿಗಿಯಾಗಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು. ಹಿಂದಿನ ಬಾಗಿಲಲ್ಲಿ ಯಾರೋ ಹುಂಬ ಇಳಿದ ಖುಷಿಗೆ ಗಾಡಿಯನ್ನು ಬಡಿದು “ಹೋಗಲಿ” ಎಂದ. ಡ್ರೈವರು ಗಾಡಿ ಬಿಟ್ಟ. ಆಯಿಯ ಒಂದು ಕಾಲು ಗಾಳಿಯಲ್ಲಿತ್ತು.

“ಹೋಲ್ಡಾನ್!”

ಗಾಡಿ ಅಲ್ಲೇ ನಿಂತಿತು. ಸೀಟಿನಲ್ಲಿ ತೂಕಡಿಸುತ್ತಿದ್ದವರೆಲ್ಲ ಎದ್ದು ಕೂತರು. ಆಯಿ ನಿಧಾನವಾಗಿ ನೆಲಕ್ಕೆ ಕಾಲಿಟ್ಟು, ಗಡಿಗೆಯನ್ನು ಮುಟ್ಟಿ ನೋಡಿಕೊಂಡು, ಸೆರಗು ಸರಿಮಾಡಿಕೊಂಡು, ತಿರುಗಿ ನಿಂತಳು.

“ಏನ ದನೀನ ಯವ್ವಾ ನಿಂದು? ಕಿವಿ ಕಿತ್ತು ಹೋಗತಾವ. ಸ್ವಲ್ಪ ಮೆಲ್ಲಕ ಒದರಾಕ ಬರೂದಿಲ್ಲೇನು?”

ಗಾಡಿಯಲ್ಲಿ ಎಲ್ಲರೂ ನಕ್ಕರು, ಕಲ್ಮಠ ಸಾಹೇಬರೂ ನಕ್ಕರು. ದ್ರಾಕ್ಷಾಯಣಿ ಬಾಗಿಲ ಸರಳು ಹಿಡಿದು ನಿಂತಿದ್ದಳು. ನಗುವನ್ನು ಹಗೇವಿನಲ್ಲಿ ಯಾರೂ ತುಂಬಿಟ್ಟಿರಲಿಲ್ಲ, ಆದ್ದರಿಂದ ಅವಳ ಭುಜಗಳು ಮಾತ್ರ ಕುಲುಕುತ್ತಿದ್ದವು. ಎರಡು ವರ್ಷದಲ್ಲಿ ಅಕ್ಕನಿಗೆ ಮೆಲ್ಲಗೆ ಮಾತಾಡು ಎಂದು ಒಬ್ಬರೂ ಹೇಳಿರಲಿಲ್ಲ. ಆಯಿಯ ಕಾಲು ಮುಟ್ಟಿ ನಮಸ್ಕರಿಸಬೇಕು ಅನ್ನಿಸಿತು ಪ್ರಮೀಳೆಗೆ.

“ಗಡಿಗಿ ಉಳೀತಲ್ಲ ಆಯಿ, ಸುಮ್ನ ನಡಿ,” ಎಂದು ಆಯಿಯ ಬಾಯಿ ಮುಚ್ಚುವ ಮೊದಲೇ ಉತ್ತರ ಕೊಟ್ಟಳು ದ್ರಾಕ್ಷಾಯಣಿ. ಆಮೇಲೆ ಹಿಂದಿನ ಸೀಟಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ತಂಗಿಯನ್ನು ಒಮ್ಮೆ ನೋಡಿ, ಮುಂದಕ್ಕೆ ತಿರುಗಿದಳು.

“ರೈಟ್,” ಎಂದಳು. ಗಾಡಿ ಹೊರಟಿತು.